ಸುಸ್ಥಿತಿಯಲ್ಲಿ ಪಡೆದಿದ್ದೇನೆ

ಅವತ್ತು ಬೆಳಿಗ್ಗೆ ದಟ್ಟ ಮಂಜು. ಚಾಚಿದ ಕೈ ತನಗೇ ಕಾಣದಷ್ಟು. ನಾನು ನೀರಿನ ಪೈಪು ಎಳೆದುಕೊಂಡು ಗೇಟಿನ ತನಕ ಹೋದೆ. ಕಂಬದ ಫಲಕದ ಮೇಲಿದ್ದ ಹಳೆಯ ಕುಲಪತಿಗಳ ಹೆಸರನ್ನು ಪೇಂಟರು ಹಿಂದಿನ ಸಂಜೆಯೇ ಉಜ್ಜಿ ತೆಗೆದಿದ್ದ. ಹೊಸಬರ ಹೆಸರು ಬರೆಯೋಣವೆಂದರೆ ಮಂಜಿಗೆ ಬಣ್ಣ ಹಿಡಿಯುತ್ತಿರಲಿಲ್ಲ. ಏಣಿಯ ಮೇಲೆ ಕೈಕಟ್ಟಿ ಕೂತಿದ್ದ. ಹೀಗೆ ಅವತ್ತು ಮಂಜು ಕರಗುವ ತನಕ ವಿಶ್ವವಿದ್ಯಾಲಯಕ್ಕೆ ಕುಲಪತಿಗಳೇ ಇರಲಿಲ್ಲ. ಹಕ್ಕಿ ಕೂಗಿದವು, ಹಾಲಿನವನು ಬಂದು ಹೋದ, ಹಾಸ್ಟೆಲಿನ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆಯಿತು. ಭಗವಂತ ದೊಡ್ಡವನು ಅಂದುಕೊಂಡೆ. ತಾನು ಕಾಣಿಸದಿದ್ದರೂ ನಡೆಯುವ ಹಾಗೆ ಜಗತ್ತನ್ನು ಮಾಡಿಟ್ಟಿದ್ದಾನೆ. ಅವನ ಮನೆಗೆ ಫಲಕವೂ ಇಲ್ಲ.

ನಾನು ಕುಲಪತಿಗಳ ಮನೆಯ ಮಾಲಿ. ಇಪ್ಪತ್ತೆರಡು ವರ್ಷವಾಯಿತು. ಬಂದವರೆಲ್ಲರೂ ಗುಲಾಬಿಯ ಬಗ್ಗೆ ನನಗೆ ಪಾಠ ಹೇಳಿದ್ದಾರೆ. ಒಬ್ಬರೂ ಗುದ್ದಲಿ ಮುಟ್ಟಿಲ್ಲ.

ಈ ಕಥೆ ನನ್ನದಲ್ಲ, ಅಡಿಗೆಮನೆಯ ತಂಗಿಯದು. ಒಡಹುಟ್ಟಿದವಳಲ್ಲ. ಹಿತ್ತಲ ಮೆಟ್ಟಿಲ ಮೇಲೆ ಹದಿನಾರು ವರ್ಷ ನನ್ನ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದವಳು. ನನ್ನನ್ನು ಅಣ್ಣ ಅನ್ನುತ್ತಾಳೆ.

ಅವಳನ್ನು ವಿಶ್ವವಿದ್ಯಾಲಯ ಕೆಲಸಕ್ಕೆ ತೆಗೆದುಕೊಂಡದ್ದು ಗ್ರಂಥಾಲಯಕ್ಕೆ. ದಿನಗೂಲಿ ಸಹಾಯಕಿ. ಓದಿದವರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕ ಎತ್ತಿ, ಬೆನ್ನಿನ ನಂಬರು ನೋಡಿ, ಅದರದರ ಕಪಾಟಿಗೆ ಸೇರಿಸುವ ಕೆಲಸ. ಹತ್ತನೇ ತರಗತಿ ಪಾಸಾದವಳು. ಮೂರು ದಿನ ಮಾಡಿದಳು. ನಾಲ್ಕನೇ ದಿನ ಕುಲಪತಿಗಳ ಮನೆಯಿಂದ ಫೋನು ಬಂತು. ಕೆಲಸದವಳು ಬಂದಿಲ್ಲ, ಎರಡು ದಿನದ ಮಟ್ಟಿಗೆ ಯಾರನ್ನಾದರೂ ಕಳಿಸಿ. ಆ ಎರಡು ದಿನ ಕಳೆಯಲು ಹದಿನಾರು ವರ್ಷ ಹಿಡಿಯಿತು. ದೇವರಿಗೆ ಒಂದು ದಿನ ಅಂದರೆ ನಮಗೆ ಒಂದು ಯುಗವಂತೆ. ಕುಲಪತಿಗಳದ್ದೂ ಹೆಚ್ಚುಕಮ್ಮಿ ಅದೇ ಪಂಚಾಂಗ.

ಆಗ ಅವಳ ಮಗಳಿಗೆ ಆರು ತಿಂಗಳು. ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿ ಕಲ್ಲಾಗುತ್ತಿತ್ತು. ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲುತ್ತಿದ್ದಳು. ಮುಖ ತೊಳೆದು ಬಂದು ಅತಿಥಿಗಳಿಗೆ ಚಹಾ ಕೊಡುತ್ತಿದ್ದಳು. ಆ ಮನೆಯಲ್ಲಿ ಹನ್ನೊಂದು ಕೋಣೆ. ಕೋಲಿಗೆ ಬಟ್ಟೆ ಕಟ್ಟಿ ಒರೆಸಿದರೆ ಮೂಲೆ ಚೊಕ್ಕಟವಾಗುವುದಿಲ್ಲ ಎಂಬುದನ್ನು ಎರಡನೆಯ ಕುಲಪತಿಗಳ ಹೆಂಡತಿ ಕಂಡುಹಿಡಿದರು. ಅಲ್ಲಿಂದಾಚೆಗೆ ಮಂಡಿಯೂರಿ ಒರೆಸಿದಳು. ಮೂರನೆಯವರ ತಾಯಿ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಆ ಭಾರದ ದೇಹವನ್ನು ದಿನಕ್ಕೆ ಆರು ಸಲ ಹೊರಳಿಸಿದಳು. ಬೆನ್ನ ಹುಣ್ಣು ತೊಳೆದಳು. ಹೇಲುಚ್ಚೆ ಬಾಚಿದಳು. ಅವಳ ಸೊಂಟ ಅಲ್ಲಿಗೆ ಮುಗಿಯಿತು. ಮುದುಕಮ್ಮ ತೀರಿಕೊಂಡ ವಾರ ಪತ್ರಿಕೆಯಲ್ಲಿ ಫೋಟೋ ಬಂತು, ತಾಯಿಸೇವೆಯೇ ದೇವರಸೇವೆ ಎಂದ ಕುಲಪತಿ ಅಂತ. ಇವಳು ಅದೇ ಪತ್ರಿಕೆಯಲ್ಲಿ ಕನ್ನಡಿ ಒರೆಸಿದಳು.

ಈಗ ನಿವೃತ್ತರಾಗುತ್ತಿದ್ದವರು ನಾಲ್ಕನೆಯವರು. ದುಡಿಮೆಯ ಘನತೆ ಅವರ ವಿಷಯ. ಅದರ ಮೇಲೆ ಮೂರು ಪುಸ್ತಕ ಬರೆದಿದ್ದಾರೆ. ಭಾಷಣಕ್ಕೆ ಹೊರಡುವ ಮುಂಚೆ ಇವಳ ಹತ್ತಿರ ಷೂ ಲೇಸು ಕಟ್ಟಿಸಿಕೊಳ್ಳುತ್ತಿದ್ದರು. ಬಗ್ಗಲು ಹೊಟ್ಟೆ ಅಡ್ಡ ಬರುತ್ತಿತ್ತು, ಪಾಪ.

ಇನ್ನು ಪಟ್ಟಿಯ ಮಾತು ಹೇಳಬೇಕು.

ಮನೆಯ ಸಾಮಾನೆಲ್ಲ ದಾಸ್ತಾನು ಗುಮಾಸ್ತರ ಪುಸ್ತಕದಲ್ಲಿದೆ. ನಾವು ಅವರನ್ನು ಚಿತ್ರಗುಪ್ತ ಅನ್ನುತ್ತೇವೆ. ಕೆಟ್ಟ ಮನುಷ್ಯನಲ್ಲ. ಬರೆದದ್ದನ್ನು ಅಳಿಸಬಾರದು, ಅಷ್ಟೇ ಅವರ ಧರ್ಮ. ಒಬ್ಬ ಕುಲಪತಿ ಹೋಗಿ ಇನ್ನೊಬ್ಬರು ಬರುವ ದಿನ ಅವರು ಊಟದ ಮನೆಯಲ್ಲಿ ಕೂತು ಒಂದೊಂದೇ ಸಾಮಾನು ಓದುತ್ತಾರೆ. ಹೋಗುವವರು ತೋರಿಸಬೇಕು, ಬರುವವರು ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ತಂಗಿ ಬಂದ ನಾಲ್ಕನೇ ವರ್ಷ ಮೊದಲನೆಯವರು ನಿವೃತ್ತರಾದಾಗ ಹೊಸ ಅಮ್ಮಾವ್ರು ಕೇಳಿದರು, "ಮನೆ ಜೊತೆಗೆ ಏನೇನು ಸಿಗುತ್ತೆ?" ಹಳೆಯ ಅಮ್ಮಾವ್ರು ಬೆರಳು ಮಡಚಿದರು. "ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ಇವಳು, ಏಣಿ." ಚಿತ್ರಗುಪ್ತರು ತಲೆಯೆತ್ತದೆ ಬರೆದುಕೊಂಡರು. ನಲವತ್ತಾರು, ಇಸ್ತ್ರಿಪೆಟ್ಟಿಗೆ, ಒಂದು. ನಲವತ್ತೇಳು, ಹೆಣ್ಣಾಳು, ಒಂದು. ಎಲ್ಲಿಂದ ಬಂದದ್ದು ಎಂಬ ಖಾನೆಯಲ್ಲಿ ಗ್ರಂಥಾಲಯ ಎಂದು ಬರೆದು ತಾರೀಖನ್ನೂ ಹಾಕಿದರು. ನಲವತ್ತೆಂಟು, ಮಡಚುವ ಏಣಿ, ಒಂದು.

ಅದೇ ಗುಂಗಿನಲ್ಲಿ ಅಂಗಳಕ್ಕೆ ಬಂದು ನನ್ನನ್ನೂ ಬರೆದರು. ಅರವತ್ತೊಂದು, ಹುಲ್ಲು ಕತ್ತರಿಸುವ ಯಂತ್ರ. ಅರವತ್ತೆರಡು, ಮಾಲಿ. ಯಂತ್ರ ಕೆಟ್ಟು ಎಂಟು ವರ್ಷವಾಯಿತು. ನಾನಿನ್ನೂ ಓಡುತ್ತಿದ್ದೇನೆ.

ಅವತ್ತು ನಾವಿಬ್ಬರೂ ಹಿತ್ತಲಲ್ಲಿ ನಕ್ಕೆವು. ಆಮೇಲೆ ಅಭ್ಯಾಸವಾಯಿತು. ಅವರು ನಂಬರು ಓದಿದಾಗ ನಾವು "ಇದ್ದೀನಿ" ಅನ್ನಬೇಕು. ಅವರು ಗುರುತು ಹಾಕಬೇಕು.

ಈ ವರ್ಷ ಸರ್ಕಾರದ ಆದೇಶ ಬಂತು. ಹತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದ ದಿನಗೂಲಿಯವರನ್ನು ಖಾಯಂ ಮಾಡಬೇಕು, ತಿಂಗಳ ಕೊನೆಗೆ ಪಟ್ಟಿ ಮುಚ್ಚುತ್ತದೆ. ತಂಗಿ ಒಂದು ಗಂಟೆ ರಜೆ ಬೇಡಿ ಗ್ರಂಥಾಲಯಕ್ಕೆ ಓಡಿದಳು. ಅಲ್ಲಿಯ ಮೇಡಂ ಹಾಜರಿ ಪುಸ್ತಕ ತೆಗೆದು ತೋರಿಸಿದರಂತೆ. "ನೋಡಮ್ಮ, ಮೂರು ದಿನ ಹಾಜರಿ ಇದೆ. ಆಮೇಲೆ ಹದಿನಾರು ವರ್ಷವೂ 'ಬೇರೆಡೆ ಕರ್ತವ್ಯ' ಅಂತಿದೆ. ಆ ಬೇರೆಡೆ ಎಲ್ಲಿ ಅಂತ ಅವರು ಬರೆದು ಸಹಿ ಹಾಕಿಕೊಟ್ಟರೆ ನಿನ್ನ ಹೆಸರು ಕಳಿಸ್ತೀನಿ. ಇಲ್ಲದಿದ್ರೆ ನೀನು ಎಲ್ಲೂ ಇರಲಿಲ್ಲ ಅಂತಲೇ ಅರ್ಥ."

ಅದೇ ವಾರ ಮಗಳು ಕಾಲೇಜಿನ ಅರ್ಜಿ ತುಂಬುತ್ತಿದ್ದಳು. ತಾಯಿಯ ಉದ್ಯೋಗ ಅಂತ ಒಂದು ಖಾನೆ.

"ಏನು ಬರೀಲಮ್ಮ?"

"ಗ್ರಂಥಾಲಯ ಸಹಾಯಕಿ ಅಂತ ಬರಿ."

"ಸುಳ್ಳು ಬರೆದ್ರೆ ಸೀಟು ಹೋಗುತ್ತೆ ಅಂತ ಕೆಳಗೆ ಹಾಕಿದ್ದಾರೆ," ಅಂದಳಂತೆ ಹುಡುಗಿ. ಖಾನೆ ಖಾಲಿ ಬಿಟ್ಟಳಂತೆ.

ಇದನ್ನು ಹೇಳುವಾಗ ತಂಗಿ ಅಳಲಿಲ್ಲ. ಬುತ್ತಿಯ ಮುಚ್ಚಳ ಮುಚ್ಚಿಟ್ಟಳು. ಅವತ್ತು ಉಣ್ಣಲಿಲ್ಲ.

ಮಾರನೆ ದಿನ ಲೇಸು ಕಟ್ಟುತ್ತಾ ಕೇಳಿಯೇಬಿಟ್ಟಳು. ನಾನು ಕಿಟಕಿಯಾಚೆ ಕುಂಡ ಒರೆಸುತ್ತಿದ್ದೆ.

"ಸಾರ್, ಒಂದು ಸಾಲು ಬರೆದುಕೊಡಿ. ಗ್ರಂಥಾಲಯದಿಂದ ಇಲ್ಲಿಗೆ ಕರೆಸಿಕೊಂಡಿದ್ವಿ ಅಂತ."

"ಏನೇ ಹಾಗಂದ್ರೆ? ಗ್ರಂಥಾಲಯದ ಕೂಲಿ ತಗೊಂಡು ನಮ್ಮನೇಲಿ ಕಸ ಗುಡಿಸಿದೆ ಅಂತಾನಾ?"

"ಆದದ್ದೇ ಅದಲ್ವಾ ಸಾರ್."

"ಛೆ ಛೆ. ನಿನ್ನನ್ನ ಕೆಲಸದವಳು ಅಂತ ಯಾವತ್ತಾದ್ರೂ ನೋಡಿದ್ದೀವೇನೆ? ಮನೆಮಗಳ ಹಾಗಿದ್ದೆ. ಮನೆಮಗಳು ಮಾಡಿದ್ದಕ್ಕೆ ಯಾರಾದ್ರೂ ಸರ್ಟಿಫಿಕೇಟು ಕೊಡ್ತಾರಾ? ಎಡಗಾಲಿಂದು ಇನ್ನೂ ಸ್ವಲ್ಪ ಬಿಗಿ ಮಾಡು."

ಅಮ್ಮಾವ್ರು ಒಳಗಿನಿಂದಲೇ ಹೇಳಿದರು. "ಹೊಸಬರು ಬರ್ತಾರಲ್ಲ, ಅವರನ್ನ ಕೇಳ್ಕೊ."

ಹೊಸಬರು ಎರಡು ದಿನ ಬಿಟ್ಟು ಪರದೆಯ ಅಳತೆ ತೆಗೆಯಲು ಬಂದರು. ನ್ಯಾಯಶಾಸ್ತ್ರದ ಪ್ರೊಫೆಸರು. ತಂಗಿ ನೀರಿನ ಲೋಟ ಕೊಟ್ಟು ಕೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು, ಅದು ಅವರ ದೊಡ್ಡತನ. ಆಮೇಲೆ ಹೇಳಿದರು, "ಅದು ಹಿಂದಿನವರ ಕಾಲದ್ದಮ್ಮ. ನಾನಿನ್ನೂ ಬಂದೇ ಇಲ್ಲವಲ್ಲ." ಹಜಾರದ ನಟ್ಟನಡುವೆ ಟೇಪು ಹಿಡಿದು ನಿಂತು, ತಾನು ಬಂದಿಲ್ಲ ಅಂದರು. ಒಬ್ಬರು ಹೋಗಿಯಾಗಿದೆ, ಇನ್ನೊಬ್ಬರು ಬಂದಿಲ್ಲ. ಅಧಿಕಾರ ಹಸ್ತಾಂತರ ಅಂದರೆ ಇದೇ ಇರಬೇಕು.

"ದೇವರು ನೋಡ್ತಾನೆ ತಂಗಿ," ಅಂದೆ.

"ನೋಡಲಿ ಅಣ್ಣ. ಹದಿನಾರು ವರ್ಷದಿಂದ ನೋಡ್ತಾನೇ ಇದ್ದಾನೆ. ನೋಡೋಕೆ ಅವನಿಗೇನು, ಮಂಡಿ ನೋಯುತ್ತಾ?"

ನಾನು ಆಸ್ತಿಕ. ಪೈಪು ಎತ್ತಿಕೊಂಡು ಗುಲಾಬಿಗೆ ನೀರು ಬಿಡಲು ಹೋದೆ.

ಬೀಳ್ಕೊಡುಗೆ ಸಮಾರಂಭ ಚೆನ್ನಾಗಿ ನಡೆಯಿತು. ಒಂಬತ್ತು ಜನ ಮಾತಾಡಿದರು. ಒಂಬತ್ತು ಜನರೂ ತುಂಬಲಾರದ ನಷ್ಟ ಅಂದರು. ತುಂಬುವವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊನೆಗೆ ಕುಲಪತಿಗಳು ಎದ್ದು, "ನಾನು ಯಾರಿಗಾದರೂ ಋಣಿ ಅಂದರೆ ಅದು ತೆರೆಮರೆಯಲ್ಲಿ ದುಡಿದ ಆ ಕಾಣದ ಕೈಗಳಿಗೆ" ಅಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಾಣದ ಕೈಗಳು ಆಗ ಸಭಾಂಗಣದ ಹಿಂದೆ ಇನ್ನೂರು ಕಪ್ಪು ತೊಳೆಯುತ್ತಿದ್ದವು. ನಲ್ಲಿಯ ಸದ್ದಿಗೆ ಚಪ್ಪಾಳೆ ಕೇಳಿಸಲಿಲ್ಲ.

ಮಾರನೆ ದಿನವೇ ಆ ಮಂಜಿನ ಬೆಳಗು.

ಹತ್ತು ಗಂಟೆಗೆ ಎಲ್ಲರೂ ಊಟದ ಮನೆಯಲ್ಲಿ ಸೇರಿದರು. ಹಳೆಯ ಕುಲಪತಿಗಳು ಮತ್ತು ಅಮ್ಮಾವ್ರು, ಹೊಸ ಕುಲಪತಿಗಳು ಮತ್ತು ಅವರ ಹೆಂಡತಿ, ನಡುವೆ ಪುಸ್ತಕ ಬಿಡಿಸಿಕೊಂಡು ಚಿತ್ರಗುಪ್ತರು. ನಾನು ಹಿತ್ತಲ ಬಾಗಿಲಲ್ಲಿ. ಓದು ಶುರುವಾಯಿತು. ಸೋಫಾ, ಇದೆ. ಊಟದ ಮೇಜು, ಇದೆ. ಗೋಡೆ ಗಡಿಯಾರ, ಇದೆ, ನಿಂತಿದೆ. ಇಸ್ತ್ರಿಪೆಟ್ಟಿಗೆ, ಇದೆ.

"ನಲವತ್ತೇಳು. ಹೆಣ್ಣಾಳು, ಒಂದು."

ತಂಗಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈ ಒದ್ದೆ.

"ಇಲ್ಲ," ಅಂದಳು.

ಗುರುತು ಹಾಕಲು ಇಳಿದ ಪೆನ್ನು ಅಲ್ಲೇ ನಿಂತಿತು. "ಏನಂದೆ?"

"ಆ ಸಾಮಾನು ಇಲ್ಲ. ಇಲ್ಲ ಅಂತ ಬರ್ಕೊಳ್ಳಿ."

"ಕಣ್ಣೆದುರಿಗೇ ನಿಂತಿದ್ದೀಯಲ್ಲೇ."

"ನಿಂತಿರೋಳು ಗ್ರಂಥಾಲಯದ ಸಹಾಯಕಿ. ನೀವು ಕೂಗಿದ್ದು ಸಾಮಾನು. ಹುಡುಕಿ ನೋಡಿ, ಮಂಚದ ಕೆಳಗೆ ಗಿಂಚದ ಕೆಳಗೆ ಬಿದ್ದಿದ್ಯೋ ಏನೋ."

ಹೊಸ ಅಮ್ಮಾವ್ರು ತಮಾಷೆ ಅಂದುಕೊಂಡು ನಕ್ಕರು. ಜೊತೆಗೆ ಯಾರೂ ನಗದಿದ್ದಾಗ ನಿಲ್ಲಿಸಿದರು.

"ಇವಳಿಗೆ ತಲೆ ಕೆಟ್ಟಿದೆ. ನೀವು ಮುಂದೆ ಓದ್ರಿ," ಅಂದರು ಹಳೆಯ ಕುಲಪತಿಗಳು.

"ಓದಬಹುದು ಸಾರ್. ಆದ್ರೆ ನಲವತ್ತೇಳು ಕೊರತೆ ಅಂತ ಬರೀಬೇಕಾಗುತ್ತೆ. ಕೊರತೆ ಇದ್ರೆ ಬೇಬಾಕಿ ಪತ್ರ ಕೊಡೋ ಹಾಗಿಲ್ಲ. ಏನೂ ಉಳಿಸಿಕೊಂಡಿಲ್ಲ ಅಂತ ಆ ಪತ್ರ ಹೋಗದೆ ತಮ್ಮ ನಿವೃತ್ತಿ ಕಡತ ಮೇಲೇಳಲ್ಲ."

"ಆ ಸಾಲು ಹೊಡೆದು ಹಾಕ್ರಿ. ಮನುಷ್ಯರನ್ನ ಯಾವನ್ರೀ ಸಾಮಾನಿನ ಪಟ್ಟಿಗೆ ಸೇರಿಸಿದ್ದು? ಅಮಾನವೀಯ."

"ಸೇರಿಸಿದ್ದು ನಾನೇ ಸಾರ್, ಕಂಡಿದ್ದು ಬರೆದೆ. ಒಪ್ಪಿಕೊಂಡಿದ್ದು ತಾವು."

ಚಿತ್ರಗುಪ್ತರು ಹಾಳೆ ತಿರುವಿ ಓದಿದರು. ನಾಲ್ಕು ವರ್ಷದ ಹಿಂದಿನ ಪುಟ. "ನಲವತ್ತೇಳು. ಹೆಣ್ಣಾಳು, ಒಂದು. ಸುಸ್ಥಿತಿಯಲ್ಲಿ ಪಡೆದಿದ್ದೇನೆ." ಕೆಳಗೆ ಉದ್ದನೆಯ ಸಹಿ. ದುಡಿಮೆಯ ಘನತೆಯ ಪುಸ್ತಕದ ಮೇಲೆ ಅಭಿಮಾನಿಗಳಿಗೆ ಹಾಕಿಕೊಡುತ್ತಿದ್ದ ಅದೇ ಸಹಿ, ಬಾಲದ ಸಮೇತ.

ಹೊಸ ಕುಲಪತಿಗಳು ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡರು. "ನೋಡಿ, ಇಲ್ಲದ್ದನ್ನು ಇದೆ ಅಂತ ನಾನಂತೂ ಸಹಿ ಹಾಕಲ್ಲ." ನ್ಯಾಯದ ಪರವಾಗಿ ಅವರು ಅವತ್ತು ಆಡಿದ ಮಾತು ಅದೊಂದೇ. ತಮ್ಮ ಪೆನ್ನಿನ ಕ್ಷೇಮಕ್ಕೆ ಆಡಿದ್ದು.

"ಪುಸ್ತಕದಿಂದ ಸಾಮಾನು ಇಳಿಸೋಕೆ ಮೂರೇ ದಾರಿ ಸಾರ್," ಅಂದರು ಚಿತ್ರಗುಪ್ತರು. "ಕಳೆದುಹೋಗಿದೆ ಅಂದ್ರೆ ಪೊಲೀಸ್ ದೂರು ಲಗತ್ತಿಸಬೇಕು. ಒಡೆದಿದೆ ಅಂದ್ರೆ ಚೂರು ತೋರಿಸಬೇಕು."

"ಚೂರು ಬೇಕಾ?" ಅಂದಳು ತಂಗಿ.

ಹೊಸ್ತಿಲು ದಾಟಿ ಒಳಗೆ ಬಂದಳು. ಬಟ್ಟೆಯನ್ನು ಮಂಡಿಯ ತನಕ ಎತ್ತಿ ಹಿಡಿದಳು. ಒಂಟೆಯ ಮಂಡಿಗಿರುವಂಥ ಕಪ್ಪು ಜಡ್ಡು, ಎರಡು. ಆಮೇಲೆ ಎರಡೂ ಕೈಯನ್ನು ಮೇಜಿನ ಮೇಲೆ, ಪುಸ್ತಕದ ಪಕ್ಕದಲ್ಲಿ ಇಟ್ಟಳು. ಸೋಪಿನ ಪುಡಿ ತಿಂದು ಉಳಿಸಿದ ಉಗುರು. ಬಿರಿದ ಬೆರಳ ಸಂದು.

"ಇಷ್ಟಿದೆ. ಉಳಿದದ್ದು ಚರಂಡಿಗೆ ಹೋಗಿದೆ. ಬರ್ಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಕುಲಪತಿಗಳು ಆ ಸಾಮಾನಿನ ಸ್ಥಿತಿ ನೋಡಿದರು. ನೋಡಿ ಗಡಿಯಾರದ ಕಡೆ ತಿರುಗಿದರು. ಅದು ನಿಂತಿತ್ತು.

"ಮೂರನೇದು ಏನ್ರೀ?"

"ಎಲ್ಲಿಂದ ಪಡೆದದ್ದೋ ಅಲ್ಲಿಗೆ ಹಿಂದಿರುಗಿಸಿದೆ ಅಂತ ತಾವು ಬರೆದು ಸಹಿ ಹಾಕೋದು. ಯಾವ ವಿಭಾಗ, ಯಾವ ತಾರೀಖಿನಿಂದ, ಯಾವ ಕೆಲಸಕ್ಕೆ, ಎಲ್ಲ ಬರೀಬೇಕು. ಒಂದು ಪ್ರತಿ ನನಗೆ, ಒಂದು ಪ್ರತಿ ಸಾಮಾನಿನ ಜೊತೆಗೆ."

ನಾನು ಚಿತ್ರಗುಪ್ತರ ಮುಖವನ್ನೇ ನೋಡಿದೆ. ತಂಗಿಗೆ ಬೇಕಾಗಿದ್ದ ಸಾಲು ಅದೇ, ಅಕ್ಷರ ಅಕ್ಷರವೂ ಅದೇ. ಬೇಕೆಂದೇ ಹೇಳಿದರೋ, ನಿಯಮ ಹೇಳಿದರೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಪೆನ್ನಿನ ತುದಿ ಒರೆಸಿಕೊಳ್ಳುತ್ತಿದ್ದರು.

ಹಳೆಯ ಕುಲಪತಿಗಳು ಫೋನು ಹಿಡಿದು ವರಾಂಡಕ್ಕೆ ಹೋದರು. ಕುಲಸಚಿವರಿಗೆ ಮಾಡಿದರು. ಮೊನ್ನೆ ತನಕ ಒಂದೇ ರಿಂಗಿಗೆ ಎತ್ತುತ್ತಿದ್ದವರು ಇವತ್ತು ಮೀಟಿಂಗಿನಲ್ಲಿದ್ದರು. ತುಂಬಲಾರದ ನಷ್ಟ ಅಂದಿದ್ದ ಒಂಬತ್ತು ಜನರಲ್ಲಿ ಇನ್ನಿಬ್ಬರಿಗೆ ಮಾಡಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅವರೂ ಎತ್ತಲಿಲ್ಲ.

ಅಷ್ಟರಲ್ಲಿ ಅಮ್ಮಾವ್ರು ತಂಗಿಯ ಭುಜ ಮುಟ್ಟಿದರು. ನಾಲ್ಕು ವರ್ಷದಲ್ಲಿ ಅದೂ ಮೊದಲ ಸಲವೇ. "ಒಂದು ಮಾತು, ಇದ್ದೀನಿ ಅಂದ್ಬಿಡೇ. ನಮ್ಮ ಕಾರು ಹೊರಡಲಿ. ನನ್ನ ಉಣ್ಣೆ ಕೋಟು ನಿನಗೇ ಬಿಟ್ಟು ಹೋಗ್ತೀನಿ."

"ಕೋಟು ನಿಮಗೇ ಇರಲಿ ಅಮ್ಮಾವ್ರೇ. ದಾರೀಲಿ ಚಳಿ ಇರುತ್ತೆ."

ಹೊತ್ತು ಸುಮ್ಮನೆ ಕಳೆಯಬಾರದು ಅಂತ ಚಿತ್ರಗುಪ್ತರು ಹೊರಗಿನ ಸಾಮಾನು ಓದತೊಡಗಿದರು. ನೀರಿನ ಪೈಪು, ಇದೆ. ಗುದ್ದಲಿ, ಇದೆ. ಹುಲ್ಲಿನ ಯಂತ್ರ, ಇದೆ, ಕೆಟ್ಟಿದೆ.

"ಅರವತ್ತೆರಡು. ಮಾಲಿ."

"ಇದ್ದೀನಿ," ಅಂದೆ.

ಬಾಯಿಗೆ ಬಂದುಬಿಟ್ಟಿತು. ತಂಗಿ ತಿರುಗಿ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಮೊದಲೇ ಖಾಯಂ ಆದವನು, ಈ ಪಟ್ಟಿಯ ಹಂಗು ನನಗಿರಲಿಲ್ಲ. ನಾನು ಮಾಲಿಯಾಗಿ ಸೇರಿದವನು, ಮಾಲಿಯಾಗಿಯೇ ಇದ್ದವನು. ಇಲ್ಲ ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೂ ಅಂದೆ. ಆಮೇಲೆ ದೇವರ ಮುಂದೆ ಎಷ್ಟೋ ಸಲ ಕೂತಿದ್ದೇನೆ. ಅವನು ಕ್ಷಮಿಸಿರಬಹುದು, ಅವನಿಗೆ ಅದು ಸುಲಭ.

ಕುಲಪತಿಗಳು ಒಳಗೆ ಬಂದು ಕೂತರು. ಕಾರ್ಬನ್ ಇಟ್ಟ ಹಾಳೆ ಎಳೆದುಕೊಂಡು ಬರೆದರು. ಸಹಿ ಹಾಕಿದರು. "ಆಯ್ತಲ್ಲ? ಇನ್ನಾದ್ರೂ ಹೊರಡಬಹುದಾ?"

"ಓದ್ತೀನಿ ಸಾರ್," ಅಂದಳು ತಂಗಿ.

"ನೀನಾ?"

"ಹತ್ತನೇ ಕ್ಲಾಸು ಪಾಸಾಗಿದೆ."

ನಿಂತಲ್ಲೇ ಬಗ್ಗಿ, ಬೆರಳಿಟ್ಟುಕೊಂಡು ಓದಿದಳು. ಬೆರಳು ಒಂದು ಕಡೆ ನಿಂತಿತು. "ನಾಲ್ಕು ವರ್ಷದಿಂದ ಅಂತಿದೆ. ಹದಿನಾರು ಆಗಬೇಕು."

"ನನ್ನ ಕಾಲದ್ದು ನಾಲ್ಕೇ. ಹಿಂದಿನವರು ಮಾಡಿದ್ದಕ್ಕೆಲ್ಲ ನಾನು ಹೊಣೆಯಾ?"

ಹತ್ತು ವರ್ಷ ತುಂಬದಿದ್ದರೆ ಖಾಯಂ ಇಲ್ಲ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬರೆದವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ತಂಗಿ ಬೆರಳು ತೆಗೆಯಲಿಲ್ಲ. "ಸಾಮಾನು ಹದಿನಾರು ವರ್ಷದ್ದು ಸಾರ್. ನಾಲ್ಕು ಅಂದ್ರೆ ಅದು ಬೇರೆ ಯಾವುದೋ ಸಾಮಾನು. ನಲವತ್ತೇಳು ಇನ್ನೂ ಕೊರತೆಯೇ."

ಚಿತ್ರಗುಪ್ತರು ನಲವತ್ತೇಳನ್ನು ಮೊದಲ ಸಲ ಬರೆದಿದ್ದ ಪುಟ ತೆಗೆದು ಖಾನೆ ತೋರಿಸಿದರು. "ಸಾಮಾನು ಬಂದ ದಿನ ಬರೀಬೇಕು ಸಾರ್. ತಾವು ಬಂದ ದಿನ ಅಲ್ಲ."

ಹೊರಗೆ ಡ್ರೈವರು ಹಾರ್ನು ಹೊಡೆದ. ಮಂಜು ಕರಗಿ ಗೇಟಿನ ಕಂಬ ಕಾಣುತ್ತಿತ್ತು. ಪೇಂಟರು ಮೊದಲನೇ ಅಕ್ಷರ ಬರೆದು ಮುಗಿಸಿದ್ದ. ಹೊಸ ಅಮ್ಮಾವ್ರು ಮೆಲ್ಲಗೆ ಗಂಡನನ್ನು ಕೇಳಿದರು, "ಹಾಗಾದ್ರೆ ನಾಳೆಯಿಂದ ಪಾತ್ರೆ ಯಾರು ತೊಳೀತಾರೆ?" ಕೋಣೆಯಲ್ಲಿ ಇಬ್ಬರು ಕುಲಪತಿಗಳಿದ್ದರು. ಇಬ್ಬರಿಗೂ ಗೊತ್ತಿರಲಿಲ್ಲ.

ಹಳೆಯ ಕುಲಪತಿಗಳು ಪೆನ್ನಿನ ಮುಚ್ಚಳ ತೆಗೆದರು. ನಾಲ್ಕು ವರ್ಷ ಅಂತಿದ್ದುದನ್ನು ಹೊಡೆದುಹಾಕಿದರು. "ತಾರೀಖು?" ಅಂದರು, ಯಾರ ಕಡೆಗೂ ನೋಡದೆ.

ಚಿತ್ರಗುಪ್ತರು ಖಾನೆಯ ಮೇಲೆ ಬೆರಳಿಡುವ ಮುಂಚೆಯೇ ತಂಗಿ ಹೇಳಿದಳು. ದಿನ, ತಿಂಗಳು, ವರ್ಷ. "ಸೋಮವಾರ. ಬೆಳಿಗ್ಗೆ ಹತ್ತೂಕಾಲು."

ಅವರು ಬರೆದರು. ತಿದ್ದಿದ ಜಾಗದಲ್ಲಿ ಚಿಕ್ಕ ಸಹಿ, ಕೆಳಗೆ ದೊಡ್ಡ ಸಹಿ. ಸಾಮಾನಿನ ಜೊತೆಗೆ ಹೋಗುವ ಪ್ರತಿ ಹರಿದರು. ಚಿತ್ರಗುಪ್ತರು ಕೈ ಚಾಚಲಿಲ್ಲ, ಪುಸ್ತಕ ಮುಚ್ಚಿ ಎದ್ದು ನಿಂತರು. ಹಾಳೆ ಕುಲಪತಿಗಳ ಕೈಯಲ್ಲೇ ಉಳಿಯಿತು.

ತಂಗಿ ಕೈ ಒರೆಸಿಕೊಂಡು ಒಂದೇ ಕೈ ಮುಂದೆ ಚಾಚಿದಳು. ತನ್ನದನ್ನು ತಗೊಳ್ಳಲು ಅಷ್ಟು ಸಾಕು. ಕುಲಪತಿಗಳು ಅದನ್ನು ಅವಳ ಕೈಗೆ ಕೊಟ್ಟರು.